ಹಳೇ ಬಸ್ಸನ್ನು ಮನೆ ಮಾಡಿಸುವ ಮುಂಚೆ ಅದರ ಅಡಿಗೊಮ್ಮೆ ತೂರಿ ನೋಡಿ

ಹತ್ತು ಹನ್ನೆರಡು ವರ್ಷ ಓಡಿದ ಸ್ಕೂಲ್ ಬಸ್ಸು ಬೆಂಗಳೂರಿನ ಸುತ್ತಮುತ್ತ ನಾಲ್ಕರಿಂದ ಆರು ಲಕ್ಷಕ್ಕೆ ಸಿಗುತ್ತೆ. ಸೀಟು ಕಿತ್ತು ಮಂಚ, ಅಡುಗೆಕಟ್ಟೆ, ಟಾಯ್ಲೆಟ್, ಸೋಲಾರ್ ಹಾಕಿಸಿದರೆ ಇನ್ನೊಂದು ಐದು ಲಕ್ಷ. ಹತ್ತು ಲಕ್ಷದ ಆಸುಪಾಸಿನಲ್ಲಿ ಊರೂರು ಸುತ್ತುವ ಮನೆ ಅನ್ನೋ ಈ ಲೆಕ್ಕ ಕಾಗದದ ಮೇಲೆ ಚೆನ್ನಾಗೇ ಕಾಣುತ್ತೆ. ಆದರೆ 2020ರಲ್ಲಿ ಕೆಎಸ್‌ಆರ್‌ಟಿಸಿಯವರು ಗುಜರಿಗೆ ಹೋಗಬೇಕಿದ್ದ ಬಸ್ಸೊಂದನ್ನು ಮೆಜೆಸ್ಟಿಕ್‌ನಲ್ಲಿ ಮಹಿಳೆಯರ ಶೌಚಾಲಯ ಮಾಡಿದರಲ್ಲ, ಅದಕ್ಕೇ ಸುಮಾರು 12 ಲಕ್ಷ ಖರ್ಚಾಗಿತ್ತು. ಅದು ನಿಂತಲ್ಲೇ ನಿಲ್ಲುವ ಬಸ್ಸು. ಎಂಜಿನ್, ಬ್ರೇಕು, ಟೈರು, ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನೋ ಸರ್ಟಿಫಿಕೇಟು) ಯಾವುದರ ಗೊಡವೆಯೂ ಅದಕ್ಕಿಲ್ಲ.

ಮನೆಯಾದ ಬಸ್ಸುಗಳು ಕೈಕೊಡೋದಕ್ಕೆ ಮುಖ್ಯವಾಗಿ ಎರಡು ಕಾರಣ. ದಿನಾ ಓಡುತ್ತಿದ್ದ ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತೆ, ಅದು ಒಂದು. ಮೆಕ್ಯಾನಿಕ್ ಕೈ ಹೋಗಬೇಕಾದ ಜಾಗದ ಮೇಲೆಲ್ಲ ಪ್ಲೈವುಡ್ ಕೂತುಬಿಡುತ್ತೆ, ಅದು ಇನ್ನೊಂದು. ಕೆಳಗೆ ಬರೆದಿರೋ ಖರ್ಚುಗಳಲ್ಲಿ ಹೆಚ್ಚಿನವು ಈ ಎರಡರಲ್ಲೊಂದಕ್ಕೆ ಸೇರುತ್ತವೆ.

ಕಾಗದದ ವಿಷಯ ಮೊದಲು ಮುಗಿಸಿಬಿಡೋಣ. ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಹಳೇ ಬಸ್ಸು ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ಆರ್‌ಸಿಯಲ್ಲಿ ನೋಂದಣಿ ದಿನಾಂಕ ನೋಡಿ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗೋದಿಲ್ಲ. ಸಾರಿಗೆ ನಿಗಮಗಳ ಬಸ್ಸುಗಳೂ ಅದರಲ್ಲಿ ಸೇರಿವೆ. ಅಂಥದ್ದು ರಸ್ತೆಗಾಗಲ್ಲ. ಖಾಸಗಿ ಸ್ಕೂಲ್ ಬಸ್ಸಿನ ತೊಡಕು ಬೇರೆ. ಅದರ ಆರ್‌ಸಿಯಲ್ಲಿ ಶಿಕ್ಷಣ ಸಂಸ್ಥೆಯ ಬಸ್ಸು, ಇಷ್ಟು ಸೀಟು ಅಂತ ಬರೆದಿರುತ್ತೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷವರ್ಷವೂ ಎಫ್‌ಸಿ ಆಗಬೇಕು, ಸೀಟು ಕಿತ್ತ ಬಸ್ಸನ್ನು ಆ ಪರೀಕ್ಷೆಗೆ ಒಯ್ದರೆ ಪಾಸಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ. 182ಎ ಸೆಕ್ಷನ್‌ನಲ್ಲಿ ಇದಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಇದೆ. ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ಗಾಡಿಗೆ ಮೋಟಾರ್ ಕಾರವಾನ್ ಅನ್ನೋ ಪ್ರತ್ಯೇಕ ವರ್ಗವಿದೆ, ಅದರ ಮಾನದಂಡ ಎಐಎಸ್-124. ಬಾಡಿ ಕಟ್ಟುವವರು ಆ ಮಾನದಂಡಕ್ಕೆ ಅನುಮೋದನೆ ಪಡೆದಿದ್ದಾರಾ ಅಂತ ಕೇಳಿ. "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಸಾರ್, ನಮ್ಮವರೊಬ್ರು ಏಜೆಂಟ್ ಇದಾರೆ" ಅಂದರೆ ಅಡ್ವಾನ್ಸ್ ಕೊಡಬೇಡಿ. ಆರ್‌ಸಿಗೆ ಹೊಂದದ ಗಾಡಿಗೆ ಬೆಂಕಿ ಬಿದ್ದರೆ ಇನ್ಶೂರೆನ್ಸ್‌ನವರು ಮೊದಲು ಎತ್ತುವ ತಕರಾರೂ ಇದೇ.

ಈಗ ಬ್ರೇಕು. ದೊಡ್ಡ ಬಸ್ಸುಗಳಲ್ಲಿ ಇರೋದು ಏರ್ ಬ್ರೇಕ್, ಅಂದರೆ ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯ ಒತ್ತಡದಿಂದ ಕೆಲಸ ಮಾಡೋದು. ಇದರಲ್ಲಿ ಜನ ಮರೆಯೋ ಒಂದು ಸಂಗತಿ ಏನಂದರೆ, ಹಿಂದಿನ ಚಕ್ರಗಳ ಪಾರ್ಕಿಂಗ್ ಬ್ರೇಕ್ ಸ್ಪ್ರಿಂಗ್‌ನಿಂದ ಹಿಡಿಯುತ್ತೆ, ಗಾಳಿಯಿಂದ ಬಿಡುತ್ತೆ. ಗಾಳಿ ಸೋರಿಹೋದರೆ ಬಸ್ಸು ಅಲ್ಲಾಡಲ್ಲ. ತಿಂಗಳು ನಿಂತ ಬಸ್ಸಿನ ಗಾಳಿ ಟ್ಯಾಂಕ್ ಖಾಲಿಯಾಗಿರುತ್ತೆ, ಮಳೆಗಾಲದ ತೇವಕ್ಕೆ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ತುಕ್ಕು ಹಿಡಿದು, ಅದನ್ನು ಒತ್ತಿ ನಿಲ್ಲಿಸುವ ಲೈನಿಂಗ್‌ಗೆ ಅಂಟಿಕೊಂಡಿರುತ್ತೆ. ಎಂಜಿನ್ ಶುರು ಮಾಡಿ ಗಾಳಿ ತುಂಬಿಸಿ, ಗೇರ್ ಹಾಕಿ ಜೋರಾಗಿ ಎಳೆದರೆ ಲೈನಿಂಗ್ ಕಿತ್ತು ಬರುತ್ತೆ. ಡ್ರಮ್ಮಿನ ಮೇಲೆ ಸುತ್ತಿಗೆಯಿಂದ ಹದವಾಗಿ ಸುತ್ತಲೂ ತಟ್ಟಿ ಬಿಡಿಸಬೇಕು.

ಕೊಳ್ಳುವಾಗಲೇ ಗಾಳಿ ಟ್ಯಾಂಕಿನ ಅಡಿಯ ಡ್ರೈನ್ ವಾಲ್ವ್ ಎಳೆದು, ಕೆಳಗೆ ಬಿಳೀ ಬಟ್ಟೆ ಹಿಡಿಯಿರಿ. ಬರೀ ನೀರು ಚಿಮ್ಮಿದರೆ ಏರ್ ಡ್ರೈಯರ್‌ನ ಕಾರ್ಟ್ರಿಜ್ ಬದಲಿಸಿ ಬಹಳ ದಿನ ಆಗಿದೆ ಅಂತ, ಅದು ಚಿಕ್ಕ ಖರ್ಚು. ಕಪ್ಪಗೆ ಎಣ್ಣೆಯಂಥದ್ದು ಬಂದರೆ ಕಂಪ್ರೆಸರ್‌ನ ಪಿಸ್ಟನ್ ರಿಂಗ್ ಸವೆದಿದೆ. ಎಂಜಿನ್ ಆಯಿಲ್ ಗಾಳಿಯ ಜೊತೆ ಪೈಪುಗಳಿಗೆ ಹೋಗುತ್ತಿದೆ, ಆ ಎಣ್ಣೆ ವಾಲ್ವುಗಳೊಳಗಿನ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತೆ. ಕಂಪ್ರೆಸರ್ ಮುಟ್ಟದೆ ವಾಲ್ವ್ ಕಿಟ್ ಮಾತ್ರ ಹಾಕಿಸಿದರೆ ಕೆಲವೇ ತಿಂಗಳಲ್ಲಿ ಅದೇ ವಾಲ್ವ್ ಮತ್ತೆ ಸೋರುತ್ತೆ. ಒಂದೇ ಬ್ರೇಕ್ ಕೆಲಸಕ್ಕೆ ಎರಡೆರಡು ಸಲ ದುಡ್ಡು ಹೋಗೋದು ಹೆಚ್ಚಾಗಿ ಹೀಗೇ. ಇನ್ನೊಂದು ಪರೀಕ್ಷೆ: ಗೇಜ್ 7–8 ಬಾರ್‌ಗೆ ಏರಿದ ಮೇಲೆ ಎಂಜಿನ್ ಆಫ್ ಮಾಡಿ, ಬ್ರೇಕ್ ಪೂರ್ತಿ ತುಳಿದು ಒಂದು ನಿಮಿಷ ಹಿಡಿಯಿರಿ. ಮುಳ್ಳು ಕಣ್ಣೆದುರೇ ಇಳಿಯುತ್ತಿದ್ದರೆ ಸೋರಿಕೆ ಇದೆ. ಸೋಪುನೀರು ಹಾಕಿ ಜಾಗ ಹುಡುಕಿಸಿ. ಬ್ರೇಕ್ ಚೇಂಬರ್ (ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಸುವ ಡಬ್ಬಿ) ಒಳಗಿನ ರಬ್ಬರ್ ಡಯಾಫ್ರಮ್ ಆಗಿದ್ದರೆ ನೂರುಗಳ ಲೆಕ್ಕ, ಚೇಂಬರ್ ಪೂರ್ತಿ ಹೋಗಿದ್ದರೆ ಸಾವಿರಗಳ ಲೆಕ್ಕ. ನಾಲ್ಕೂ ಕಡೆ ಲೈನಿಂಗ್, ಡ್ರಮ್, ಸ್ಲ್ಯಾಕ್ ಅಡ್ಜಸ್ಟರ್ (ಲೈನಿಂಗ್ ಸವೆದಂತೆ ಸಡಿಲ ಸರಿಮಾಡುವ ಸನ್ನೆ) ಅಂತ ಹೊರಟರೆ ನಲವತ್ತು ಐವತ್ತು ಸಾವಿರ ಸುಲಭವಾಗಿ ದಾಟುತ್ತೆ. ಇಲ್ಲಿ ಉಳಿಸೋಕೆ ಹೋಗಬೇಡಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಡೂಪ್ಲಿಕೇಟ್ ಲೈನಿಂಗ್ ಕಾದು ಬ್ರೇಕು ಹಿಡಿಯದೇ ಹೋದರೆ ಬದಿಗೆ ಸರಿಸೋಕೂ ಜಾಗ ಇರಲ್ಲ.

ತೂಕದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಐವತ್ತು ಜನರನ್ನು ಹೊರೋ ಬಸ್ಸಿಗೆ ಮೂರು ಟನ್ ದೊಡ್ಡದಲ್ಲ ಅನ್ನೋದು ನಿಜ. ಆದರೆ ಜನ ಎರಡೂ ಕಡೆ ಸಮನಾಗಿ ಕೂರುತ್ತಾರೆ, ಸಂಜೆ ಇಳಿದು ಮನೆಗೆ ಹೋಗುತ್ತಾರೆ. ಅಡುಗೆಕಟ್ಟೆ, ಫ್ರಿಜ್ಜು, ಬ್ಯಾಟರಿ, ನೀರಿನ ಟ್ಯಾಂಕ್ ನಾಲ್ಕನ್ನೂ ಒಂದೇ ಬದಿಗೆ ಜೋಡಿಸಿದರೆ ಆ ಕಡೆಯ ಬ್ಲೇಡ್ (ಆಕ್ಸಲ್ ಮೇಲೆ ಬಸ್ಸನ್ನು ಹೊರುವ ಪಟ್ಟಿ ಸ್ಪ್ರಿಂಗ್) ಹಗಲೂ ರಾತ್ರಿ ಭಾರ ಹೊತ್ತೇ ಇರುತ್ತೆ. ಮೊದಲು ಆ ಕಡೆ ವಾಲುತ್ತೆ, ಆಮೇಲೆ ಮೈನ್ ಬ್ಲೇಡ್ ಕಟ್ ಆಗುತ್ತೆ. 500 ಲೀಟರ್ ಟ್ಯಾಂಕ್ ಅಂದರೆ ನೀರೇ ಅರ್ಧ ಟನ್. ಅದನ್ನು ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಕೂರಿಸಿದರೆ ಮುಂಭಾಗ ಎತ್ತಿದಂತಾಗಿ ಸ್ಟೇರಿಂಗ್ ಹಗುರಾಗುತ್ತೆ. ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ, ಚಾಸಿಯ ಮಟ್ಟದಲ್ಲಿ, ಒಳಗೆ ಅಡ್ಡಗೋಡೆ ಇಟ್ಟು ಕೂರಿಸಬೇಕು. ಬ್ಲೇಡ್ ಕೆಲಸ ಆದಮೇಲೆ 500 ಕಿ.ಮೀ. ಓಡಿಸಿ ಬ್ಲೇಡನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್ ಮತ್ತೆ ಬಿಗಿ ಮಾಡಿಸೋದನ್ನು ಮರೆಯಬೇಡಿ. ಅದು ಸಡಿಲವಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜಾಗ ಬಿಟ್ಟು ಸರಿಯುತ್ತೆ.

ಕರೆಂಟ್ ಕೆಲಸದಲ್ಲಿ ಇಂಟೀರಿಯರ್‌ನವರು ಮಾಡೋ ತಪ್ಪು ಒಂದೇ ತರಹದ್ದು. ದೊಡ್ಡ ಬಸ್ಸಿನಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಕೂಡಿ 24 ವೋಲ್ಟ್ ಆಗಿರುತ್ತೆ. ಲೈಟು, ಪಂಪು, ಮ್ಯೂಸಿಕ್ ಸಿಸ್ಟಮ್‌ಗೆ 12 ವೋಲ್ಟ್ ಬೇಕಲ್ಲ, ಅವರು ಒಂದು ಬ್ಯಾಟರಿಯಿಂದ ಮಾತ್ರ ವೈರ್ ಎಳೆದುಬಿಡ್ತಾರೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಎರಡರ ಒಟ್ಟು ವೋಲ್ಟೇಜ್ ಮಾತ್ರ ಗೊತ್ತು. ಒಟ್ಟು 28 ಇರುವಾಗ, ಕರೆಂಟ್ ಎಳೆಸಿಕೊಂಡ ಬ್ಯಾಟರಿ 13ರಲ್ಲಿ ಒದ್ದಾಡುತ್ತಿದ್ದರೆ ಇನ್ನೊಂದರ ಮೇಲೆ 15 ಬಿದ್ದು ಅದರ ನೀರು ಕುದ್ದುಹೋಗುತ್ತೆ. ಒಂದು ಹಸಿದು ಸಾಯುತ್ತೆ, ಇನ್ನೊಂದು ತಿಂದು ಸಾಯುತ್ತೆ. ವರ್ಷದೊಳಗೆ ಎರಡೂ ಹೋಗಿ ಇಪ್ಪತ್ತೈದು ಮೂವತ್ತು ಸಾವಿರ ಕೈಬಿಡುತ್ತೆ. ಕೆಲಸ ಮಾಡಿದವರು "ಬ್ಯಾಟರಿ ಕಂಪನಿ ಸರಿಯಿಲ್ಲ ಸಾರ್" ಅಂತಾರೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಎಸ್‌ಪಿ ರಸ್ತೆಯಲ್ಲೋ ಜೆಸಿ ರಸ್ತೆಯಲ್ಲೋ ಕೆಲವು ಸಾವಿರಕ್ಕೆ ಸಿಗುತ್ತೆ. ಇನ್ನೂ ಒಳ್ಳೇದು ಅಂದರೆ ಮನೆಯ ಬಳಕೆಗೆ ಬೇರೆಯೇ ಬ್ಯಾಟರಿ ಇಟ್ಟು, ಸೆಲ್ಫ್ ಮೋಟಾರಿನ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರಿನ) ಬ್ಯಾಟರಿ ಮುಟ್ಟದೇ ಇರೋದು.

2,000 ವಾಟ್ ಇನ್ವರ್ಟರ್ 24 ವೋಲ್ಟಿನಲ್ಲಿ 90 ಆಂಪಿಯರ್‌ನಷ್ಟು ಎಳೆಯುತ್ತೆ, 12 ವೋಲ್ಟಿನಲ್ಲಾದರೆ ಅದರ ದುಪ್ಪಟ್ಟು. ಮನೆಗೋಡೆಯೊಳಗೆ ಹಾಕೋ ವೈರ್ ಇಲ್ಲಿಗೆ ಬೇಡವೇ ಬೇಡ. ಎಳೆ ಹೆಚ್ಚಿರುವ ದಪ್ಪ ಕೇಬಲ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ತಗಡು ತೂರುವ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್ (ವೈರ್ ಸವೆಯದಂತೆ ಕಾಯುವ ಬಳೆ) ಹಾಕಿಸಿ. ಗ್ರೊಮೆಟ್ ಇಲ್ಲದ ಕಡೆ ಅದುರಾಟಕ್ಕೆ ವೈರಿನ ಸಿಪ್ಪೆ ಸವೆದು ಬಾಡಿಗೆ ತಗಲುತ್ತೆ, ಬೆಂಕಿ ಹೊತ್ತಿಕೊಳ್ಳೋದು ಇಂಥಲ್ಲೇ. ಮನೆಯ ಸ್ಪ್ಲಿಟ್ ಎಸಿಯನ್ನು ಬಸ್ಸಿಗೆ ಕೂರಿಸುವವರೂ ಇದ್ದಾರೆ. ಅದರ ತಾಮ್ರದ ಪೈಪಿನ ಜಾಯಿಂಟ್ ನಮ್ಮ ರಸ್ತೆಹಂಪುಗಳಿಗೆ ತಡೆಯಲ್ಲ, ಗ್ಯಾಸ್ ಹೋಗುತ್ತಲೇ ಇರುತ್ತೆ.

ಎಂಜಿನ್ ಬಿಸಿಯಾಗೋದಕ್ಕೆ ಬೆಂಗಳೂರಿನದೇ ಒಂದು ಕಾರಣವಿದೆ, ಬೋರ್‌ವೆಲ್ ನೀರು. ಕೂಲಂಟ್ ಬದಲು ವರ್ಷಗಟ್ಟಲೆ ಗಡಸು ನೀರು ಸುರಿದ ರೇಡಿಯೇಟರ್‌ನ ಕೊಳವೆಗಳಲ್ಲಿ ಬಿಳೀ ಪದರ ಕಟ್ಟಿರುತ್ತೆ. ಸಿಟಿಯಲ್ಲಿ ಓಡುವಾಗ ಗೊತ್ತೇ ಆಗಲ್ಲ, ಘಾಟಿ ಹತ್ತುವಾಗ ಮುಳ್ಳು ಕೆಂಪಿಗೆ ಹೋಗುತ್ತೆ. ಕೆಲವು ಮೆಕ್ಯಾನಿಕ್‌ಗಳು ಇದಕ್ಕೆ, ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡ್ತಾರೆ. ಆಗ ಎಂಜಿನ್ ಬೇಕಾದಷ್ಟು ಬೆಚ್ಚಗಾಗದೆ ಆಯಿಲ್ ಕೊಳೆಯಾಗಿ ಎಂಜಿನ್ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಬೇಗ ಸವೆಯುತ್ತೆ. ರೇಡಿಯೇಟರ್ ಕೋರ್ ಹೊಸದು ಹಾಕಿಸೋದು ಇಪ್ಪತ್ತು ಸಾವಿರದ ಆಸುಪಾಸು. ಅದನ್ನು ಮುಂದೂಡಿ ಹೆಡ್ ಬಾಗಿಸಿಕೊಂಡರೆ ಎಂಜಿನ್ ಕೆಲಸ, ದೊಡ್ಡ ಬಸ್ಸಿಗೆ ಕಡಿಮೆಯೆಂದರೂ ಒಂದೂವರೆ ಲಕ್ಷ.

ಮುಚ್ಚಿದ ಜಾಗದ ಬೆಲೆ ತಿಳಿಯೋದೂ ಇಲ್ಲೇ. ನಮ್ಮ ಹೆಚ್ಚಿನ ಹಳೇ ಬಸ್ಸುಗಳ ಎಂಜಿನ್ ಡ್ರೈವರ್ ಪಕ್ಕದ ಬಾನೆಟ್ ಕೆಳಗಿರುತ್ತೆ. ನಾಝಲ್ ಬಿಚ್ಚೋದು, ಟ್ಯಾಪೆಟ್ ಸೆಟ್ ಮಾಡೋದು ಎಲ್ಲ ಒಳಗಿನಿಂದಲೇ. ಅದರ ಮೇಲೆ ಸೋಫಾ, ಶೂ ರ‍್ಯಾಕ್ ಕೂರಿಸಿ ಸ್ಕ್ರೂ ಹೊಡೆದರೆ ಪ್ರತಿ ಸಲ ಮೊದಲು ಬಡಗಿ, ಆಮೇಲೆ ಮೆಕ್ಯಾನಿಕ್. ಗೇರ್‌ಬಾಕ್ಸ್, ಡೀಸೆಲ್ ಟ್ಯಾಂಕಿನ ಗೇಜ್ ಮೇಲಿನ ನೆಲದ ಮುಚ್ಚಳಗಳ ಮೇಲೆ ವಿನೈಲ್ ಅಂಟಿಸಿರುತ್ತಾರೆ. ಎರಡು ತಾಸಿನ ಕೆಲಸ ಎರಡು ದಿನದ್ದಾಗುತ್ತೆ. ಕ್ಲಚ್ ಪ್ಲೇಟಿಗಿಂತ ಹೆಚ್ಚು ದುಡ್ಡು ಪ್ಲೈವುಡ್ ಬಿಚ್ಚಿ ಕೂರಿಸೋದಕ್ಕೆ ಹೋಗುತ್ತೆ. ಸೀಟು ಕಿತ್ತ ದಿನವೇ ನೆಲದ ಪ್ರತಿ ಮುಚ್ಚಳದ ಫೋಟೋ ತೆಗೆದು, ಅಳತೆ ಬರೆದು ಬಡಗಿಗೆ ಕೊಡಿ. ಅವು ಕೈಯಲ್ಲೇ ತೆರೆಯುವಂತಿರಬೇಕು ಅಂತ ಮೊದಲೇ ಮಾತಾಡಿ.

ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ನಿಲ್ಲಿಸಿದರೆ ಒಳಗೆ ಬೆವರು ಕಟ್ಟಿ ನೀರು ಸೇರುತ್ತೆ. ಫಿಲ್ಟರ್ ಕಟ್ಟಿಕೊಳ್ಳುತ್ತೆ, ಹಳೇ ರಬ್ಬರ್ ಪೈಪಿನ ಬಿರುಕಿನಿಂದ ಏರ್ ಹಿಡಿಯುತ್ತೆ, ಅಂದರೆ ಡೀಸೆಲ್ ಜೊತೆ ಗಾಳಿಗುಳ್ಳೆ ಸೇರುತ್ತೆ. ಆಗ ಸುಮ್ಮನೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ, ಮೋಟಾರ್ ಸುಟ್ಟುಹೋಗುತ್ತೆ. ಹಳೇ ಇನ್‌ಲೈನ್ ಪಂಪಿನ ಎಂಜಿನ್ ಆದರೆ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಗುಳ್ಳೆ ನಿಂತಮೇಲೆ ಬಿಗಿ ಮಾಡಿ. ಆಮೇಲೆ ಹತ್ತು ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ನಿಂತ ಬಸ್ಸನ್ನು ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಡೋ ರೂಢಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಎಂಜಿನ್ ಪೂರ್ತಿ ಬಿಸಿಯಾಗಲ್ಲ, ಆಯಿಲ್‌ನಲ್ಲಿ ತೇವ ಉಳಿಯುತ್ತೆ. ಎರಡು ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಇಪ್ಪತ್ತು ಮೂವತ್ತು ಕಿ.ಮೀ. ಓಡಿಸಿ. ಬ್ರೇಕು, ಕ್ಲಚ್, ಟೈರು ಎಲ್ಲಕ್ಕೂ ಅದೇ ಮದ್ದು. ಇಲಿಗೆ ಮಾತ್ರ ಮದ್ದಿಲ್ಲ, ಬಾನೆಟ್ ಎತ್ತಿ ನೋಡುತ್ತಿರಬೇಕು.

ಟೈರಿನ ಮೇಲಿನ ಗೆರೆ ಆಳವಾಗಿದೆ ಅಂತ ಮಾತ್ರ ನೋಡಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 3217 ಅಂದರೆ 2017ರ 32ನೇ ವಾರದಲ್ಲಿ ತಯಾರಾದದ್ದು. ಹಿಂದಿನ ಜೋಡಿ ಚಕ್ರದ ಒಳಗಿನ ಟೈರಿಗೂ ಟಾರ್ಚ್ ಬಿಟ್ಟು ಓದಿ, ಮಾರುವವರು ಹಳೇದನ್ನು ಹಾಕೋದು ಅಲ್ಲೇ. 10.00-20 ಅಳತೆಯ ಟೈರು ಒಂದಕ್ಕೆ ಇಪ್ಪತ್ತು ಸಾವಿರದ ಆಸುಪಾಸು, ಸ್ಟೆಪ್ನಿ ಸೇರಿ ಏಳು ಬೇಕು. ರಿಸೋಲ್ ಟೈರನ್ನು (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿದ್ದು) ಮುಂದಿನ ಚಕ್ರಕ್ಕೆ ಯಾವತ್ತೂ ಹಾಕಿಸಬೇಡಿ.

ದಾರಿಯಲ್ಲಿ ನಿಂತಾಗ ಎಳೆದೊಯ್ಯುವವರು ಅವಸರದಲ್ಲಿರುತ್ತಾರೆ. ಎಂಜಿನ್ ಆಫ್ ಆಗಿ ಗಾಳಿ ಇಲ್ಲದಿದ್ದರೆ ಸ್ಪ್ರಿಂಗ್ ಬ್ರೇಕನ್ನು ಚೇಂಬರಿನ ರಿಲೀಸ್ ಬೋಲ್ಟ್ ತಿರುಗಿಸಿ ಬಿಡಿಸಬೇಕು, ಅದಕ್ಕೂ ಮೊದಲು ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ದೂರ ಎಳೆಯೋದಾದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ರಾಡು) ಬಿಚ್ಚಿಸಲೇಬೇಕು. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸ್ ಒಳಗೆ ಆಯಿಲ್ ಮೇಲಕ್ಕೆ ಚಿಮ್ಮಲ್ಲ, ನೆಲಮಂಗಲ ತಲುಪೋ ಹೊತ್ತಿಗೆ ಬೇರಿಂಗ್ ಸುಟ್ಟಿರುತ್ತೆ. ನಾಲ್ಕು ಬೋಲ್ಟ್ ಬಿಚ್ಚೋ ಸೋಮಾರಿತನಕ್ಕೆ ಗೇರ್‌ಬಾಕ್ಸ್ ಕೆಲಸ.

ಬಿಡಿಭಾಗದ ಮಟ್ಟಿಗೆ ಟಾಟಾ, ಲೇಲ್ಯಾಂಡ್, ಐಷರ್ ಹಳೇ ಮಾಡೆಲ್‌ಗಳಿಗೆ ಕಲಾಸಿಪಾಳ್ಯ, ಜೆಸಿ ರಸ್ತೆ ಸಾಕು. ಗಾಜು, ಬಂಪರ್, ಬಾಗಿಲು ಶಿವಾಜಿನಗರದ ಗುಜರಿಯಲ್ಲಿ ತಂದರೂ ನಡೆಯುತ್ತೆ. ಬ್ರೇಕ್ ಹೋಸ್, ಕಿಂಗ್ ಪಿನ್, ಸ್ಟೇರಿಂಗ್ ರಾಡ್ ಮಾತ್ರ ಹೊಸದೇ ಆಗಬೇಕು. ಏರ್ ಸಸ್ಪೆನ್ಶನ್, ಆಟೋಮ್ಯಾಟಿಕ್ ಗೇರ್ ಇರೋ ಹಳೇ ಹಿಂಬದಿ ಎಂಜಿನ್ನಿನ ಎಸಿ ಬಸ್ಸು ಅಗ್ಗಕ್ಕೆ ಬಂತು ಅಂತ ಕೈ ಹಾಕಬೇಡಿ. ಅದನ್ನು ಓಡಿಸುತ್ತಿದ್ದವರೇ ರಿಪೇರಿ ತಾಳಲಾರದೆ ಮಾರಿರುತ್ತಾರೆ. ಐದು ಲಕ್ಷದ ಬಸ್ಸಿಗೆ ಮೊದಲ ವರ್ಷದ ಮೆಕ್ಯಾನಿಕಲ್ ಕೆಲಸಕ್ಕೇ ಎರಡೂವರೆಯಿಂದ ಮೂರು ಲಕ್ಷ ಬೇರೆ ತೆಗೆದಿಟ್ಟು, ಆಮೇಲೆ ಇಂಟೀರಿಯರ್ ಮಾತಾಡಿ.

ನೋಡೋಕೆ ಹೋಗುವಾಗ, ಬೆಳಗ್ಗೆ ನೀವು ಬರೋವರೆಗೂ ಬಸ್ಸು ಸ್ಟಾರ್ಟ್ ಮಾಡಬಾರದು ಅಂತ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟಿಂಗ್ ಕಾಯಿಲೆ ಮುಚ್ಚಿಡುತ್ತಿದ್ದಾರೆ. ಸ್ಟಾರ್ಟ್ ಆದಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೆದು ಅಲ್ಲೇ ತಲೆಕೆಳಗಾಗಿ ಇಡಿ. ಸುಮ್ಮನೆ ಅದುರುತ್ತಾ ಕೂತಿದ್ದರೆ ಸರಿ. ಹೊಗೆ ಉಗುಳಿ ಮುಚ್ಚಳವನ್ನೇ ಎಗರಿಸಿದರೆ ಎಂಜಿನ್ ಬೋರಿಗೆ ಬಂದಿದೆ, ಅಂದರೆ ಒಳಗೆ ಸವೆದು ದೊಡ್ಡ ಕೆಲಸ ಕೇಳುತ್ತಿದೆ, ಹೇಳಿದ ಬೆಲೆಯಲ್ಲಿ ಒಂದೂವರೆ ಲಕ್ಷ ಇಳಿಸಿಯೇ ಮಾತು ಶುರು ಮಾಡಿ.