ಕತ್ತರಿ ಹೊಕ್ಕ ಕರಡಿ: ಯು-ಗಿ-ಓ! ಆಟದ ಫ್ರೈಟ್‌ಫರ್ ಡೆಕ್

ಹೊಲಿಗೆ ನನ್ನ ಕಸುಬು. ಬಟ್ಟೆಯ ಗೊಂಬೆ ಕೈಗೆ ಬಂದರೆ ಮೊದಲು ನೋಡುವುದು ಅದರ ತೋಳು ಮೈಗೆ ಸೇರುವ ಜಾಗವನ್ನು. ಗೊಂಬೆ ಹರಿಯುವುದು ಸಾಮಾನ್ಯವಾಗಿ ಅಲ್ಲೇ. ಯು-ಗಿ-ಓ! ಎಂಬ ಕಾರ್ಡಾಟದ ಫ್ರೈಟ್‌ಫರ್ ಕಾರ್ಡುಗಳ ಚಿತ್ರ ಬಿಡಿಸಿದವರಿಗೂ ಇದು ಗೊತ್ತಿದೆ. ಕೈಕಾಲು ಬೇರ್ಪಟ್ಟಿವೆ, ನಡುವೆ ಕತ್ತರಿಯ ಅಲಗು ತೂರಿದೆ, ತೆರೆದ ಬಾಯೊಳಗಿನಿಂದ ಇನ್ಯಾರದೋ ಕಣ್ಣುಗಳು ಹೊಳೆಯುತ್ತಿವೆ.

ಇವು ಬಂದದ್ದು 2014ರಲ್ಲಿ, ಇದೇ ಆಟದ ‘ಆರ್ಕ್-ವಿ’ ಅನಿಮೆ ಸರಣಿಯ ಸೋರಾ ಎಂಬ ಸಿಹಿಪ್ರಿಯ ಹುಡುಗನ ಡೆಕ್ ಆಗಿ, ಅಂದರೆ ಅವನು ಆಡಲು ಕಟ್ಟಿಕೊಂಡ ಕಾರ್ಡುಗಳ ಕಟ್ಟಾಗಿ. ನಾನು ಆಡುವುದು ಮೊಬೈಲಿನಲ್ಲಿ, ಈ ಆಟದ ಡಿಜಿಟಲ್ ರೂಪವಾದ ‘ಮಾಸ್ಟರ್ ಡ್ಯುಯಲ್’ನಲ್ಲಿ. ಮೊದಲಿಗೆ ಕೈಯಲ್ಲಿರುವುದು ಫ್ಲಫಲ್‌ಗಳು: ರೆಕ್ಕೆ ಹೊತ್ತ ಗುಲಾಬಿ ಕರಡಿ, ನಾಯಿ, ಕುರಿ. ಜೊತೆಗೆ ಎಡ್ಜ್ ಇಂಪ್ ಸೇಬರ್ಸ್, ಅಂದರೆ ಕಣ್ಣು ಮೂಡಿದ ಕತ್ತರಿಗಳ ಗೊಂಚಲು. ಎರಡನ್ನೂ ಬೆಸೆದರೆ ಫ್ರೈಟ್‌ಫರ್.

ನನಗೆ ಈ ಡೆಕ್ ಇಷ್ಟೊಂದು ಹಿಡಿಸಿರುವುದು ಚಿತ್ರ ಹೇಳಿದ್ದನ್ನೇ ನಿಯಮವೂ ಮಾಡುವುದರಿಂದ. ಫ್ರೈಟ್‌ಫರ್ ಕರಡಿ ತಾನು ಹೊಡೆದುರುಳಿಸಿದ ಎದುರಾಳಿಯ ಪ್ರಾಣಿಯನ್ನು ಎಸೆಯುವುದಿಲ್ಲ, ತನ್ನ ಮೈಗೇ ತೇಪೆ ಹಾಕಿಕೊಂಡು 1000 ಬಲ ಹೆಚ್ಚಿಸಿಕೊಳ್ಳುತ್ತದೆ. ತೋಳಕ್ಕೆ ಎಷ್ಟು ಕಾರ್ಡು ಬೆಸೆದೆವೋ ಅಷ್ಟು ಸಲ ಅದು ಎರಗಬಹುದು. ಹುಲಿ ಬರುವಾಗಲೇ, ಬೆಸೆದ ಕಾರ್ಡುಗಳ ಲೆಕ್ಕಕ್ಕೆ ತಕ್ಕಂತೆ, ಮೇಜಿನ ಮೇಲಿರುವುದನ್ನು ಚಿಂದಿ ಮಾಡುತ್ತದೆ. ಮೂರು ಕಾರ್ಡಿನ ತೋಳದ ಪಕ್ಕದಲ್ಲಿ ಹುಲಿ ನಿಂತರೆ ತೋಳದ 2000 ಬಲ 2600 ಆಗುತ್ತದೆ, ಹುಲಿಯದು 2500. ಎದುರು ಅಡ್ಡವಿಲ್ಲದಿದ್ದರೆ ಎದುರಾಳಿಯ 8000 ಜೀವದ ಅಂಕ ಒಂದೇ ಸರದಿಯಲ್ಲಿ ಮುಗಿಯುತ್ತದೆ. ಅಂಥ ಸರದಿ ಕೂಡಿಬಂದಾಗ ಆಗುವ ಖುಷಿಯೇ ಬೇರೆ.

ಕೊರತೆಯೂ ಇದೆ, ಸಣ್ಣದಲ್ಲ. ಬೆಸುಗೆಗೆ ಕೈಯಲ್ಲಿರುವ ಕಾರ್ಡುಗಳೆಲ್ಲ ಬೇಗ ಕರಗುತ್ತವೆ. ಡೆಕ್‌ನಿಂದ ಪಾಲಿಮರೈಸೇಶನ್ (ಬೆಸೆಯಲು ಬೇಕಾದ ಕಾರ್ಡು) ಮತ್ತು ಎಡ್ಜ್ ಇಂಪ್ ಎರಡನ್ನೂ ತಂದುಕೊಡುವ ‘ಫ್ರೈಟ್‌ಫರ್ ಪ್ಯಾಚ್‌ವರ್ಕ್’ ಈ ಡೆಕ್‌ನ ಜೀವನಾಡಿ. ಎದುರಾಳಿ ಅದರ ಮೇಲೆ ಆಶ್ ಬ್ಲಾಸಮ್ ಎಂಬ ತಡೆಯುವ ಕಾರ್ಡು ಬಿಟ್ಟರೆ ಬಹುಪಾಲು ಆಟ ಅಲ್ಲಿಗೇ ನಿಂತಂತೆ. ಮೊದಲ ಸರದಿ ನಮ್ಮದಾದರೂ ಕಷ್ಟವೇ. ಇದು ಎರಡನೆಯವರಾಗಿ ಇಳಿದು, ಕಟ್ಟಿದ್ದನ್ನು ಕೆಡವುವ ಡೆಕ್.

ಗೆಲುವಷ್ಟೇ ಬೇಕೆನ್ನುವವರಿಗೆ ಇದಕ್ಕಿಂತ ಗಟ್ಟಿಯಾದವು ಬೇಕಾದಷ್ಟಿವೆ. ಚಿತ್ರ ನೋಡಿ ಮನಸೋತವರು ಮಾತ್ರ ಧಾರಾಳವಾಗಿ ಕಟ್ಟಬಹುದು. ಪ್ಯಾಚ್‌ವರ್ಕ್ ಮೂರು ಪ್ರತಿ ಇರಲಿ, ಫ್ಲಫಲ್ ನಾಯಿಯೂ ಮೂರು. ಉಳಿದದ್ದನ್ನು ಆಮೇಲೆ ಸೇರಿಸಿಕೊಳ್ಳಿ.