ಶ್ಯಾಂಕ್3: ಇಲಿ ಬಿಟ್ಟು ಮೀನು ಹಿಡಿದ ಕಥೆ

ಮೂರು ವರ್ಷ ಇಲಿ, ಒಂದೂವರೆ ವರ್ಷ ಜೀಬ್ರಾ ಮೀನು. ಆಟಿಸಂ ಜೊತೆ ನಂಟಿರುವ ಶ್ಯಾಂಕ್3 ಜೀನಿನ ಬೆನ್ನುಹತ್ತಿ ಎರಡನ್ನೂ ಸಾಕಿದ್ದೇನೆ. ಮತ್ತೆ ಮೊದಲಿನಿಂದ ಶುರುಮಾಡು ಎಂದರೆ ಮೀನಿನ ತೊಟ್ಟಿಯ ಕಡೆಗೇ ನಡೆಯುತ್ತೇನೆ.

ಇಲಿಯ ಮೇಲಿನ ನನ್ನ ಸಿಟ್ಟು ಲೆಕ್ಕದ್ದು. ಮನುಷ್ಯರಲ್ಲಿ ಈ ಜೀನಿನ ಒಂದು ಪ್ರತಿ ಕೆಟ್ಟರೇ ತೊಂದರೆ. ಇಲಿಯಲ್ಲಿ ಲಕ್ಷಣ ಎದ್ದು ಕಾಣಲು ಎರಡೂ ಕೆಡಬೇಕು. ಒಂದೊಂದು ಪ್ರತಿ ಕೆಟ್ಟ ಗಂಡು ಹೆಣ್ಣನ್ನು ಕೂಡಿಸಿದರೆ ಅಂಥ ಮರಿ ನಾಲ್ಕರಲ್ಲಿ ಒಂದು. ಒಂದು ಸೂಲಿಗೆ ಏಳೆಂಟು ಮರಿ, ಅದರಲ್ಲಿ ಬೇಕಾದವು ಎರಡು, ಗಂಡೇ ಬೇಕೆಂದರೆ ಒಂದು. ಬಸಿರಿಗೆ 3 ವಾರ, ಹಾಲು ಬಿಡಿಸಲು 3 ವಾರ, ಪ್ರಾಯಕ್ಕೆ ಬರಲು ಇನ್ನೂ ಕೆಲವು ವಾರ. ಒಂದು ಸೋಮವಾರ ಬಂದು ನೋಡಿದರೆ ಗೂಡು ಖಾಲಿ: ಚೊಚ್ಚಲ ತಾಯಿ ಮರಿಗಳನ್ನು ತಿಂದು ಮುಗಿಸಿದ್ದಳು.

ಉಳಿದವಾದರೂ ನೆಟ್ಟಗಿದ್ದವೇ? ಎಡೆಬಿಡದೆ ಮೈ ಕೆರೆದುಕೊಂಡು, ಕೂದಲು ಉದುರಿ, ಕೆನ್ನೆ ಕುತ್ತಿಗೆ ಹುಣ್ಣಾದವು. 2011ರಲ್ಲಿ ಈ ಇಲಿಗಳ ವರದಿ ಬಂದಾಗ ಎಲ್ಲರೂ ಬೆರಗಾದದ್ದು ಇದೇ ಲಕ್ಷಣಕ್ಕೆ. ನನಗೆ ಮಾತ್ರ ಅದೇ ಕುತ್ತಾಯಿತು. ಹುಣ್ಣಾದದ್ದನ್ನು ಬೇರೆ ಪಂಜರಕ್ಕೆ ಹಾಕಿದೆ, ಕೆರೆತ ನಿಲ್ಲಲಿಲ್ಲ. ಒಂಟಿಯಾಗಿಟ್ಟ ಇಲಿ ಇನ್ನೊಂದರ ಹತ್ತಿರ ಹೋಗದಿದ್ದರೆ ತಪ್ಪು ಜೀನಿನದೋ ಒಂಟಿತನದ್ದೋ? ಇನ್ನೊಂದು ಇಲಿಯಿರುವ ಕೋಣೆಗೆ ಹೋಗುತ್ತದೋ ಇಲ್ಲವೋ ಎಂದು ನೋಡುವ ಮೂರು ಕೋಣೆಯ ಸಾಮಾಜಿಕ ಪರೀಕ್ಷೆಗೆಂದು ಕೂಡಿಸಿದ್ದ ಗಂಡುಗಳಲ್ಲಿ ಅರ್ಧ ಹೀಗೆ ಕೈಬಿಟ್ಟವು.

ಮೀನಿನದು ಬೇರೆ ಪೇಚು. ಅದಕ್ಕೆ ಈ ಜೀನ್ ಒಂದಲ್ಲ, ಎರಡು: ಶ್ಯಾಂಕ್3ಎ, ಶ್ಯಾಂಕ್3ಬಿ. ಎರಡನ್ನೂ ಪೂರ್ತಿ ಕೆಡಿಸಿದ ಮರಿ ಹದಿನಾರರಲ್ಲಿ ಒಂದು. ಆದರೆ ರಾತ್ರಿಯಿಡೀ ಗಂಡು ಹೆಣ್ಣಿನ ನಡುವೆ ಇಟ್ಟ ತಡೆಯನ್ನು ಬೆಳಿಗ್ಗೆ ದೀಪ ಹತ್ತಿದ ಮೇಲೆ ತೆಗೆದರೆ, ತೊಟ್ಟಿಯ ತಳದಲ್ಲಿ ಬೆಂದ ಸಬ್ಬಕ್ಕಿಯಂತೆ ಹೊಳೆಯುವ, ರವೆ ಗಾತ್ರದ ಮೊಟ್ಟೆಗಳು, ಸುಮಾರು ಇನ್ನೂರು. ಅಂದರೆ ಹನ್ನೆರಡು ಮರಿ, ಒಂದೇ ಬೆಳಿಗ್ಗೆಗೆ! ಐದನೇ ದಿನಕ್ಕೆ ಈಜುತ್ತವೆ. ಮೈ ಗಾಜಿನಂತೆ, ಕರುಳಿನ ಅಲೆ ಮೆಲ್ಲಗೆ ಸಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಎಣಿಸಬಹುದು. ಶ್ಯಾಂಕ್3 ಕೆಟ್ಟ ಮಕ್ಕಳಲ್ಲಿ ಹೊಟ್ಟೆಯ ತೊಂದರೆ ಸಾಮಾನ್ಯವಾದ್ದರಿಂದ ಇದು ಸಣ್ಣ ಮಾತಲ್ಲ.

ಪದರಪದರವಾದ ಮಿದುಳಿನ ಹೊರಪೊರೆ ಮೀನಿಗಿಲ್ಲ. ಅದನ್ನೇ ಓದಬೇಕೆನ್ನುವವರು ಇಲಿಯನ್ನೇ ಸಾಕಿ.

ನಮ್ಮದು ಇಬ್ಬರ ಗುಂಪು, ಅನುದಾನ ಕಡಿಮೆ, ನಾನು ಬೇಗ ಏಳುವವಳು. ಇಲಿಗಾದರೆ ವಾರದ ಮೇವು ತುಂಬಿಟ್ಟು ಊರಿಗೆ ಹೋಗಬಹುದಿತ್ತು. ಮೀನಿಗೆ ಭಾನುವಾರವೂ ಬರಬೇಕು. ಬರುತ್ತೇನೆ, ಬಸ್ಸೂ ಖಾಲಿಯಿರುತ್ತದೆ.