ಬಿಳಿ ಅಕ್ಕಿನಾ ಬ್ರೌನ್ ರೈಸಾ? ಶುಗರ್ ಬಗ್ಗೆ ಯೋಚ್ನೆ ಇರೋರಿಗೆ

ಎರಡೂ ಭತ್ತದಿಂದಾನೇ ಬರೋದು, ಹೊಟ್ಟು ಮಾತ್ರ ತೆಗೆದ್ರೆ ಬ್ರೌನು, ತೌಡನ್ನೂ ಪಾಲಿಶ್ ಮಾಡಿ ತೆಗೆದ್ರೆ ಬಿಳಿ, ಆದ್ರೆ ನಾರು ಮೆಗ್ನೀಸಿಯಂ ಬಿ ವಿಟಮಿನ್ ಹೆಚ್ಚಾಗಿ ಇರೋದೇ ಆ ತೌಡಲ್ಲಿ, ಹಾಗಾಗಿ ಬಿಳಿ ಅನ್ನ ಸಾಮಾನ್ಯವಾಗಿ ಶುಗರ್ ಬೇಗ ಏರಿಸುತ್ತೆ. 2010ರಲ್ಲಿ ಹಾರ್ವರ್ಡ್ ಯೂನಿವರ್ಸಿಟಿಯೋರು ಅಮೆರಿಕದ ಸುಮಾರು 2 ಲಕ್ಷ ಜನರ ಡೇಟಾ ನೋಡಿ, ದಿನಕ್ಕೆ 50 ಗ್ರಾಂ ಬಿಳಿ ಅಕ್ಕಿ ಬದ್ಲು ಬ್ರೌನ್ ತಿಂದ್ರೆ ಟೈಪ್ 2 ಡಯಾಬಿಟಿಸ್ ರಿಸ್ಕ್ 16% ಕಮ್ಮಿ ಅಂತ ಅಂದಾಜು ಮಾಡಿದ್ರು. ಅದು ಜನ ಏನು ತಿಂತಾರೆ ಅಂತ ಬರೀ ಗಮನಿಸಿದ ಸ್ಟಡಿ, ಪೂರ್ತಿ ಪ್ರೂಫ್ ಅಲ್ಲ.

ಕ್ಯಾಲರಿ ಮಾತ್ರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ರೀ! ಬ್ರೌನ್ ಅಂತ ತಟ್ಟೆ ತುಂಬ ಬಡಿಸ್ಕೊಂಡ್ರೆ ಏನೂ ಲಾಭ ಇಲ್ಲ.

ಬ್ರೌನ್ ನೆನೆಸಬೇಕು, ಬೇಯೋಕೆ ಟೈಮ್ ಬೇಕು, ತೌಡಿನ ಎಣ್ಣೆಯಿಂದ ಬೇಗ ಕಮಟು ಬರುತ್ತೆ, ಆರ್ಸೆನಿಕ್ ಅನ್ನೋ ವಿಷದ ಅಂಶನೂ ಸ್ವಲ್ಪ ಜಾಸ್ತಿ, ಕಿಡ್ನಿ ತೊಂದ್ರೆ ಇರೋರು ಡಾಕ್ಟರನ್ನ ಕೇಳ್ಲೇಬೇಕು. ಬ್ರೌನ್ ಗಂಟಲಲ್ಲಿ ಇಳಿಯಲ್ಲ ಅನ್ನೋರು ಮಂಗಳೂರು ಕಡೆ ಕುಚಲಕ್ಕಿ (ಭತ್ತನೇ ಬೇಯಿಸಿ ಒಣಗಿಸಿ ಮಾಡೋ ಅಕ್ಕಿ) ನೋಡಿ, ಕೆಂಪು ತೌಡು ಚೆನ್ನಾಗಿ ಉಳಿದಿರೋದನ್ನೇ ಆರಿಸಿ, ನನ್ನ ಕೇಳಿದ್ರೆ ದಿನಾ ತಿನ್ನೋಕೆ ಅದೇ ಸುಲಭ. ಬಿಳಿನೇ ಬೇಕು ಅಂದ್ರೆ ಅನ್ನ ಅರ್ಧ ಮಾಡಿ, ಪಲ್ಯ ಹುಳಿ ಕಾಳು ಜಾಸ್ತಿ ಹಾಕ್ಕೊಳ್ಳಿ.